ಏರಿ ಮೇಲಿನ ಗೆರೆ

ಹೋದ ಬೇಸಿಗೆಯಲ್ಲಿ ಅಜ್ಜಿಗೆ ಹುಷಾರಿಲ್ಲ ಅಂತ ಊರಿಗೆ ಬಾಡಿಗೆ ಕಾರು ಕರೆಸಿದ್ವಿ. ಡ್ರೈವರ್ ಮ್ಯಾಪ್ ನಂಬಿ ಹೆದ್ದಾರಿ ಸುತ್ತಿಕೊಂಡು ಬರೋಷ್ಟರಲ್ಲಿ ಅರ್ಧ ಗಂಟೆ ಹೆಚ್ಚಾಯ್ತು. ನಾವು ಸೈಕಲ್ ತುಳಿದು ಹೈಸ್ಕೂಲಿಗೆ ಹೋಗುತ್ತಿದ್ದ ಕೆರೆ ಏರಿ ರಸ್ತೆ ಅವರ ಫೋನಿನಲ್ಲಿ ಇರಲೇ ಇಲ್ಲ. ಅಜ್ಜಿ ಹುಷಾರಾದರು. ಆ ಅರ್ಧ ಗಂಟೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ದಾರಿ ಹುಡುಕುವ ಲೆಕ್ಕವೇನೂ ಹೊಸದಲ್ಲ. 1956ರಲ್ಲಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಆಮ್‌ಸ್ಟರ್‌ಡ್ಯಾಮಿನ ಕೆಫೆಯೊಂದರಲ್ಲಿ ಕೂತು, ಪೆನ್ನು ಪೇಪರ್ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಅದನ್ನು ಕಂಡುಕೊಂಡರು. ಹೊಸ ಕಂಪ್ಯೂಟರ್ ಏನು ಮಾಡಬಲ್ಲದು ಅಂತ ಜನರಿಗೆ ತೋರಿಸಬೇಕಿತ್ತು. ಅದಕ್ಕೆ ನೆದರ್‌ಲ್ಯಾಂಡ್ಸಿನ 64 ಊರುಗಳ ನಕ್ಷೆ ತಗೊಂಡರು, ಯಾಕಂದ್ರೆ 6 ಬಿಟ್‌ಗೆ ಅಷ್ಟೇ ಹಿಡಿಯುತ್ತಿತ್ತು! 1959ರಲ್ಲಿ ಮೂರೇ ಪುಟದಲ್ಲಿ ಅಚ್ಚಾಯ್ತು. ಬಿಇ ಪರೀಕ್ಷೆಗೆ ನಾವು ಬಾಯಿಪಾಠ ಮಾಡಿದ್ದು ಇದನ್ನೇ.

ಲೆಕ್ಕ ಸಿಕ್ಕಿತು, ಆದರೆ ಎಲ್ಲರ ಕೈಗೆಟಕುವ ನಕ್ಷೆ ಇರಲಿಲ್ಲ. ಬ್ರಿಟನ್ನಿನಲ್ಲಿ ಸರ್ಕಾರಿ ಸರ್ವೆ ನಕ್ಷೆ ಬಳಸೋಕೂ ದುಬಾರಿ ಲೈಸೆನ್ಸ್ ಬೇಕಿತ್ತು. 2004ರಲ್ಲಿ ಸ್ಟೀವ್ ಕೋಸ್ಟ್ ಅಲ್ಲೇ ಓಪನ್‌ಸ್ಟ್ರೀಟ್‌ಮ್ಯಾಪ್ ಶುರು ಮಾಡಿದರು. ಜನ ಜಿಪಿಎಸ್ ಹಿಡಿದು ನಡೆದು, ಸೈಕಲ್ ತುಳಿದು ತಮ್ಮ ಬೀದಿಗಳನ್ನು ತಾವೇ ಬರೆದರು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾದಾಗ, ಬೇರೆ ಬೇರೆ ದೇಶಗಳ ಸ್ವಯಂಸೇವಕರು ಉಪಗ್ರಹ ಚಿತ್ರ ನೋಡಿ ಕೆಲವೇ ದಿನಗಳಲ್ಲಿ ಪೋರ್ಟ್-ಓ-ಪ್ರಿನ್ಸ್‌ನ ರಸ್ತೆಗಳನ್ನು ಎಳೆದರು. ರಕ್ಷಣಾ ತಂಡಗಳು ಓಡಾಡಿದ್ದು ಆ ನಕ್ಷೆ ಹಿಡಿದು. ಇವತ್ತು ಒಎಸ್‌ಆರ್‌ಎಂ, ಗ್ರಾಫ್‌ಹಾಪರ್ ಥರದ ಓಪನ್ ಸೋರ್ಸ್ ಸಾಫ್ಟ್‌ವೇರ್‌ಗಳು ಡೈಕ್‌ಸ್ಟ್ರಾ ಲೆಕ್ಕವನ್ನೇ ಬೆಳೆಸಿಕೊಂಡು, ಜನ ಬರೆದ ಈ ನಕ್ಷೆಯ ಮೇಲೆ ದಾರಿ ಹುಡುಕುತ್ತವೆ.

ಅದರಲ್ಲೂ ನಮ್ಮ ಏರಿ ರಸ್ತೆ ಇರಲಿಲ್ಲ. ಆದರೆ ಇಲ್ಲಿ ನಾನೇ ಗೆರೆ ಎಳೀಬಹುದಿತ್ತು, ಎಳೆದೆ. ಕೆಲವು ದಿನ ಬಿಟ್ಟು ನೋಡಿದರೆ ರೂಟ್ ಇನ್ನೂ ಹೆದ್ದಾರಿ ಸುತ್ತುತ್ತಲೇ ಇದೆ! ಆಮೇಲೆ ಗೊತ್ತಾಯ್ತು, ನನ್ನ ಗೆರೆ ಮುಖ್ಯ ರಸ್ತೆಗೆ ತಾಗಿದ ಹಾಗೆ ಕಂಡರೂ ಎರಡಕ್ಕೂ ಸೇರಿದ ಒಂದು ನೋಡ್ ಅಲ್ಲಿರಲಿಲ್ಲ. ಕಣ್ಣಿಗೆ ಅದು ಕೂಡುರಸ್ತೆ, ಸಾಫ್ಟ್‌ವೇರಿಗೆ ದಾರಿಯೇ ಅಲ್ಲ. ಒಂದು ಚುಕ್ಕಿ ಸೇರಿಸಿದ ಮೇಲೆ ಸರಿಹೋಯ್ತು.

ಖುಷಿಯಿಂದ ಅಪ್ಪಂಗೆ ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು ಕಣಪ್ಪಾ. ಆದ್ರೆ ಕೆರೆ ಕೋಡಿ ಬಿದ್ದಾಗ ಆ ಕಡೆ ಕಾರು ಹೋಗಲ್ಲ. ಅದನ್ನೂ ಬರೆದಿದೀಯಾ?" ಅಂದರು.

ಬರೆದಿರಲಿಲ್ಲ. ಉಪಗ್ರಹಕ್ಕೂ ಅದು ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು.