ಹೂದಾನಿ ಬಂದ ದಾರಿ

ಹೂವಿಗೆ ಸಂಬಂಧಿಸಿದ ಕನ್ನಡದ ಕ್ರಿಯಾಪದಗಳನ್ನು ಒಮ್ಮೆ ಎಣಿಸಿ ನೋಡಬೇಕು. ನಾವು ಹೂ ಬಿಡಿಸುತ್ತೇವೆ, ಪೋಣಿಸುತ್ತೇವೆ, ಕಟ್ಟುತ್ತೇವೆ, ಏರಿಸುತ್ತೇವೆ, ಮುಡಿಯುತ್ತೇವೆ. ಪೇಟೆಯಲ್ಲಿ ಕೊಳ್ಳುವಾಗ ಅಳೆಯುವುದೂ ಮೊಳದಿಂದ, ಮಾರಿನಿಂದ. ಇವುಗಳಲ್ಲಿ ಒಂದಕ್ಕೂ ಹೂವಿನ ದಂಟು ಬೇಕಾಗಿಲ್ಲ. ದಂಟುಸಹಿತ ಕೊಯ್ದು, ನೀರಿನಲ್ಲಿ ನಿಲ್ಲಿಸಿ, ಸುಮ್ಮನೆ ನೋಡುತ್ತ ಕೂಡುವ ಕೆಲಸಕ್ಕೆ ಇಂಥ ಸಹಜವಾದ ಮಾತೊಂದು ನಮ್ಮ ಬಾಯಿಗೆ ಬರುವುದಿಲ್ಲ. 'ಜೋಡಿಸುವುದು' ಎನ್ನುತ್ತೇವೆ, ಅದು ಪುಸ್ತಕಕ್ಕೂ ಸಲ್ಲುತ್ತದೆ, ಪಾತ್ರೆಪಡಗಕ್ಕೂ ಸಲ್ಲುತ್ತದೆ. ಹಾಗಾದರೆ ಹೂದಾನಿ ನಮ್ಮದಲ್ಲವೆ?

ಈ ಪ್ರಶ್ನೆ ನನಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ; ಸಿಂಧನೂರು-ಮಸ್ಕಿ ಸೀಮೆಯ ಬಳಗಾನೂರಿನಲ್ಲಿ, ನಮ್ಮ ಹಿರಿಯರ ಮನೆಯ ಹಿತ್ತಿಲಲ್ಲಿ ಹುಟ್ಟಿದ್ದು. ಆ ಮನೆಯಲ್ಲಿ ನನ್ನ ಸೋದರತ್ತೆಯೊಬ್ಬರಿದ್ದರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಚ್ಚಲ ನೀರು ಹರಿಯುವ ಕಡೆಗೆಲ್ಲ ಅವರು ಹೂವಿನ ಗಿಡ ಹಚ್ಚಿದ್ದರು. ಶ್ರಾವಣ ಕಳೆದು ಭಾದ್ರಪದ ಕಾಲಿಟ್ಟಿತೆಂದರೆ ಚೆಂಡುಹೂ, ಕನಕಾಂಬರ, ದಾಸವಾಳ, ಸಂಜೆಮಲ್ಲಿಗೆಗಳು ಹಿತ್ತಿಲು ತುಂಬುತ್ತಿದ್ದವು. ಅವರು ಕಟ್ಟಿದ ಮಾಲೆ ದೇವರ ಕೋಣೆಗೆ, ನೆರೆಯ ಮುತ್ತೈದೆಯರಿಗೆ, ನಮ್ಮ ಅಕ್ಕಂದಿರ ಜಡೆಗೆ ಹೋಗುತ್ತಿತ್ತು. ಕಟ್ಟಿದವರಿಗೆ ಮಾತ್ರ ಒಂದು ಎಸಳೂ ಇಲ್ಲ.

ಮುಡಿಯುವ, ಏರಿಸುವ ಹೂವಿನ ಪರಂಪರೆ ನಮ್ಮಲ್ಲಿ ದೊಡ್ಡದು. ಹತ್ತನೆಯ ಶತಮಾನದ ಪಂಪನು ಬನವಾಸಿಯನ್ನು ನೆನೆಯುವಾಗ ಮಲ್ಲಿಗೆಯನ್ನು ಮರೆಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ 'ಮಾನಸೋಲ್ಲಾಸ'ದಲ್ಲಿ ಅರಸನ ಉಪಭೋಗಗಳನ್ನು ವಿವರಿಸುತ್ತ ಅನ್ನ, ವಸ್ತ್ರ, ತಾಂಬೂಲಗಳ ಸಾಲಿನಲ್ಲಿಯೇ ಮಾಲೆಗೂ ಸ್ಥಾನವಿತ್ತನು. 1443ರಲ್ಲಿ ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನು ಪೇಟೆಯಲ್ಲಿ ಗುಲಾಬಿ ಮಾರುವವರನ್ನು ಕಂಡು, ಇಲ್ಲಿಯ ಜನಕ್ಕೆ ಈ ಹೂ ಊಟದಷ್ಟೇ ಅವಶ್ಯಕವೆಂದು ಬರೆದಿಟ್ಟನು. ಗುಲಾಬಿಯ ನಾಡಿನಿಂದ ಬಂದವನೇ ಬೆರಗಾದನೆಂದರೆ ಸಾಮಾನ್ಯವೆ?

ಹಾಗೆಂದು ದಂಟಿನ ಹೂವನ್ನು ನಾವು ಅರಿಯದವರೇನೂ ಅಲ್ಲ. ಸಾಂಚಿ, ಅಮರಾವತಿಗಳ ಸ್ತೂಪಶಿಲ್ಪಗಳಲ್ಲಿ ಪೂರ್ಣಘಟವೆಂಬುದೊಂದಿದೆ: ದುಂಡನೆಯ ಕೊಡ, ಅದರ ಬಾಯಿಂದ ದಂಟುಸಹಿತ ಮೇಲೆದ್ದ ತಾವರೆಯ ಹೂವು ಮೊಗ್ಗುಗಳು. ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಹೂದಾನಿಯಲ್ಲದೆ ಇದು ಮತ್ತೇನು? ಕಲಶದ ಬಾಯಿಗೆ ಮಾವಿನೆಲೆ ಇಡುವ ನಮ್ಮ ಪದ್ಧತಿಯೂ ಇದರ ಹತ್ತಿರದ ನಂಟೇ.

ಇನ್ನು 'ಹೂದಾನಿ' ಎಂಬ ಶಬ್ದದ ಕಥೆ ಬೇರೆ. ಹೂ ಕನ್ನಡದ್ದು, 'ದಾನಿ' ಪಾರಸಿಯಿಂದ ಬಂದದ್ದು, ಪಾತ್ರೆಯೆಂದು ಅದರ ಅರ್ಥ. ಅತ್ತರದಾನಿ, ಪೀಕದಾನಿಗಳು ಅದರ ಒಡಹುಟ್ಟುಗಳು. ಬಹಮನಿ, ವಿಜಯನಗರ, ಆದಿಲಶಾಹಿಗಳ ಕೈಯಿಂದ ಕೈಗೆ ದಾಟಿ, 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ರಾಯಚೂರು ಸೀಮೆಯವರಿಗೆ ಇಂಥ ಬೆರಕೆ ಹೊಸದಲ್ಲ. ಬೀದರಿನ ಕುಶಲಿಗಳು ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸಿ ಮಾಡುವ ಹೂದಾನಿಗಳು ನಮ್ಮ ನೆರೆಯವೇ. ಹೂವುಗಳಾದರೂ ಅಷ್ಟೆ. ಚೆಂಡುಹೂವಿನ ಮತ್ತು ಸಂಜೆಮಲ್ಲಿಗೆಯ ತವರು ಅಮೆರಿಕ. 1492ರಲ್ಲಿ ಕೊಲಂಬಸನು ಅತ್ತ ಹೋದ ತರುವಾಯವೇ ಅವು ಇತ್ತ ಬಂದವು. ದಸರೆಯ ತೋರಣದಲ್ಲಿ ಚೆಂಡುಹೂವಿನ ಕುಲಗೋತ್ರವನ್ನು ಯಾರೂ ಕೇಳುವುದಿಲ್ಲ.

ಹೂವನ್ನು ಕೇವಲ ನೋಡುವುದಕ್ಕಾಗಿ ಇಡುವ ರೂಢಿಯನ್ನು ನಮ್ಮ ನಗರವಾಸಿಗಳಿಗೆ ಹಿಡಿಸಿದವುಗಳಲ್ಲಿ ಬೆಂಗಳೂರಿನ ಲಾಲ್‌ಬಾಗು ಮುಖ್ಯವಾದುದು. 1889ರಲ್ಲಿ ಅಡಿಗಲ್ಲು ಬಿದ್ದ ಅದರ ಗಾಜಿನ ಮನೆಯ ಫಲಪುಷ್ಪ ಪ್ರದರ್ಶನಗಳಲ್ಲಿ ಜಪಾನಿನ ಇಕೆಬಾನವೂ ಸ್ಥಾನ ಪಡೆದಿದೆ. ಆ ಕಲೆ ಬೆಳೆದುದು ಬುದ್ಧನಿಗೆ ಹೂ ಅರ್ಪಿಸುವ ಪದ್ಧತಿಯಿಂದ. ದೇವರ ಮುಂದಿನ ಹೂ ನಡುಮನೆಗೆ ಬಂದರೂ ಅದರ ಗೌರವ ಕುಂದಲಿಲ್ಲ.

ನಾನು ಕಾಲೇಜು ಓದುತ್ತಿದ್ದಾಗ, ಒಂದು ಭಾದ್ರಪದದ ರಜೆಯಲ್ಲಿ ಹಿತ್ತಿಲಿನ ಚೆಂಡುಹೂಗಳನ್ನು ದಂಟುಸಹಿತ ಕೊಯ್ದು, ತಾಮ್ರದ ತಂಬಿಗೆಯಲ್ಲಿ ನಿಲ್ಲಿಸಿ ಕಿಟಕಿಯ ಬಳಿ ಇಟ್ಟೆ. ಅತ್ತೆ ಬಂದು ನೋಡಿ ಗದರಿದರು: "ದೇವರಿಗಿಲ್ಲ, ಯಾರ ತಲಿಗೂ ಇಲ್ಲ. ಯಾರಿಗಂತ ಕೊಯ್ದಿಯೋ ಇವನ್ನ?"

"ನೋಡಾಕ, ಅತ್ತಿ" ಎಂದೆ.

ಅವರು ಮಾತಾಡಲಿಲ್ಲ. ಚೆಂಡುಹೂವಿನ ದಂಟು ನೀರನ್ನು ಬೇಗ ನಾರಿಸುತ್ತದೆ, ನನಗದು ತಿಳಿದಿರಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ತಂಬಿಗೆಯ ನೀರು ಬದಲಾಗಿತ್ತು. ನೀರಿನಲ್ಲಿ ಮುಳುಗಿದ್ದ ಎಲೆಗಳನ್ನೆಲ್ಲ ಯಾರೋ ಚಿವುಟಿ ತೆಗೆದು, ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿದ್ದರು. ಅಂದಿನಿಂದ ಆ ತಂಬಿಗೆ ಅತ್ತೆಯದಾಯಿತು. ಬಿಸಿಲೇರುವ ಮೊದಲೇ ಕೊಯ್ಯಬೇಕೆಂಬುದನ್ನೂ, ನೀರಿದ್ದರೂ ಇಲ್ಲದಿದ್ದರೂ ದಾಸವಾಳದ ಬಾಳು ಒಂದೇ ದಿನವೆಂಬುದನ್ನೂ ನಾನು ಅವರಿಂದ ಕಲಿತೆ. ಎತ್ತರದವು ಹಿಂದೆ, ಗಿಡ್ಡವು ಮುಂದೆ. ನಡುವೆ ಒಂದಿಷ್ಟು ತುಳಸಿಯ ಕದಿರು. ಆ ಹೂ ದೇವರದೂ ಅಲ್ಲ, ಮುತ್ತೈದೆಯರದೂ ಅಲ್ಲ. ಆದುದರಿಂದ ಅದನ್ನು ಅವರಿಂದ ಕಿತ್ತುಕೊಳ್ಳುವ ಶಾಸ್ತ್ರ ಯಾರಿಗೂ ಹೊಳೆಯಲಿಲ್ಲ.

ವಿಧವಾ ವಿವಾಹಕ್ಕೆ ಬ್ರಿಟಿಷರ ಆಳ್ವಿಕೆಯಲ್ಲಿ 1856ರಲ್ಲಿಯೇ ಕಾನೂನಾಯಿತು. ಎಳೆಯ ವಿಧವೆಯೊಬ್ಬಳ ಬಾಳನ್ನು ಕುರಿತ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಪ್ರಕಟವಾಯಿತು. ಆ ಕಾದಂಬರಿಯನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಆದರೆ ರಜೆಗೆ ಊರಿಗೆ ಹೋದಾಗ, ಒಂದು ಮೊಳ ಕನಕಾಂಬರವನ್ನು ಅತ್ತೆಯ ಕೈಗಿತ್ತು 'ಮುಡಿದುಕೊಳ್ಳಿರಿ' ಎನ್ನುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ. ಈಗ ಅತ್ತೆ ಇಲ್ಲ. ತಂಬಿಗೆ ನನ್ನ ಮೇಜಿನ ಮೇಲಿದೆ. ನೀರನ್ನು ದಿನವೂ ಬದಲಿಸುತ್ತೇನೆ.