ಅಂತರಜಾಲದ ಇತಿಹಾಸ ಬಳಗಗಳು: ನೆಲೆ ಬದಲಾದಾಗ ಉಳಿಯುವುದೇನು?

ಇತಿಹಾಸಕಾರರು ಅಂತರಜಾಲವನ್ನು ವಿದ್ವತ್ ಚರ್ಚೆಗೆ ಬಳಸಿಕೊಳ್ಳಲು ತೊಡಗಿ ಮೂರು ದಶಕಗಳೇ ಕಳೆದಿವೆ. 1992ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೋ ಶಾಖೆಯಲ್ಲಿ ರಿಚರ್ಡ್ ಜೆನ್ಸನ್ ಅವರು ಆರಂಭಿಸಿದ ‘ಎಚ್-ನೆಟ್’ ಮೊದಲಿಗೆ ಇ-ಮೇಲ್ ಪಟ್ಟಿಗಳ ಸಮೂಹವಾಗಿತ್ತು. ಒಂದೊಂದು ವಿಷಯಕ್ಕೆ ಒಂದೊಂದು ಪಟ್ಟಿ, ಪ್ರತಿ ಪಟ್ಟಿಗೂ ಆ ಕ್ಷೇತ್ರವನ್ನು ಬಲ್ಲ ಸಂಪಾದಕರು. ಬಂದ ಬರಹ ಅವರ ಕಣ್ಣು ಹಾಯ್ದ ಮೇಲೆ ಸದಸ್ಯರಿಗೆ ತಲುಪುತ್ತಿತ್ತು. ಮುಂದೆ ಅದು ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ನೆಲೆ ಬದಲಿಸಿತು. ಇ-ಮೇಲಿನಿಂದ ಜಾಲತಾಣಕ್ಕೂ ಸಾಗಿತು. ಆದರೆ ಸಂಪಾದಕನ ಸ್ಥಾನ ಮಾತ್ರ ಹಾಗೆಯೇ ಉಳಿಯಿತು. ಇಂದಿಗೂ ಎಚ್-ನೆಟ್ ಬದುಕಿರುವುದಕ್ಕೆ ಇದೇ ಮುಖ್ಯ ಕಾರಣವೆಂದು ನಾನು ಭಾವಿಸುತ್ತೇನೆ.

ಇತರ ಬಳಗಗಳಿಗೆ ಈ ಭಾಗ್ಯವಿರಲಿಲ್ಲ. ವಂಶಾವಳಿ, ಸ್ಥಳೀಯ ಇತಿಹಾಸಗಳಲ್ಲಿ ಆಸಕ್ತರಾದ ಎಷ್ಟೋ ಗುಂಪುಗಳು ಯಾಹೂ ಗ್ರೂಪ್ಸ್‌ನಲ್ಲಿ ಬೀಡುಬಿಟ್ಟಿದ್ದವು. 2019ರ ಅಕ್ಟೋಬರಿನಲ್ಲಿ ಆ ಸಂಸ್ಥೆ ಹಳೆಯ ಬರಹಗಳನ್ನೂ ಕಡತಗಳನ್ನೂ ಅಳಿಸುವುದಾಗಿ ಪ್ರಕಟಿಸಿತು. ಇಳಿಸಿಕೊಳ್ಳಲು ಕೊಟ್ಟ ಅವಧಿ ಕೆಲವೇ ತಿಂಗಳು. 2020ರ ಡಿಸೆಂಬರಿನಲ್ಲಿ ಸೇವೆಯೇ ನಿಂತಿತು. ಭಾರತೀಯರು ಬಹುವಾಗಿ ನೆಚ್ಚಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದೇ ಮುಚ್ಚಿತ್ತು.

ರೆಡ್ಡಿಟ್‌ನಲ್ಲಿ 2011ರಿಂದ ನಡೆಯುತ್ತಿರುವ ‘ಆಸ್ಕ್‌ಹಿಸ್ಟೋರಿಯನ್ಸ್’ ಬಳಗದ ಅನುಭವ ಇನ್ನೊಂದು ಬಗೆಯದು. ಅಲ್ಲಿ ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ಉತ್ತರ ಮಾತ್ರ ವಿಸ್ತಾರವಾಗಿಯೂ, ಕೇಳಿದರೆ ಆಧಾರ ಒದಗಿಸುವಂತೆಯೂ ಇರಬೇಕು. ಇಲ್ಲವಾದರೆ ನಿರ್ವಾಹಕರು ಅದನ್ನು ತೆಗೆದುಹಾಕುತ್ತಾರೆ. ನಿಯಮ ಕಠಿಣವಾದರೂ ಲಕ್ಷಾಂತರ ಜನ ಅಲ್ಲಿ ಸೇರಿದ್ದಾರೆ. ನಿರ್ವಾಹಕರು ವೇತನವಿಲ್ಲದ ಸ್ವಯಂಸೇವಕರು. 2023ರಲ್ಲಿ ರೆಡ್ಡಿಟ್ ಸಂಸ್ಥೆ ಹೊರಗಿನವರು ರೂಪಿಸಿದ ತಂತ್ರಾಂಶಗಳು ತನ್ನ ದತ್ತಾಂಶ ಪಡೆಯುವುದಕ್ಕೆ ದುಬಾರಿ ಶುಲ್ಕ ವಿಧಿಸಲು ನಿರ್ಧರಿಸಿದಾಗ, ಆ ಸಾಧನಗಳನ್ನು ನಂಬಿದ್ದ ಈ ಬಳಗವೂ ಜೂನ್ ತಿಂಗಳ ಪ್ರತಿಭಟನೆಯಲ್ಲಿ ಪಾಲ್ಗೊಂಡಿತು. ಹನ್ನೆರಡು ವರ್ಷ ಕಟ್ಟಿದ ಮನೆಯ ಬೀಗದ ಕೈ ಬೇರೆಯವರ ಬಳಿ ಇದೆಯೆಂಬುದು ಆಗ ಸ್ಪಷ್ಟವಾಯಿತು. ಟ್ವಿಟರ್ 2022ರಲ್ಲಿ ಒಡೆತನ ಬದಲಿಸಿದ ಬಳಿಕ ಅಲ್ಲಿದ್ದ ಇತಿಹಾಸಕಾರರು ಮಾಸ್ಟೊಡಾನ್, ಬ್ಲೂಸ್ಕೈ ಎಂದು ಚದುರಿದರು, ಒಟ್ಟಾಗಿ ಹೋಗಲಿಲ್ಲ.

ಕನ್ನಡದ ಸ್ಥಿತಿ ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿಯ ಇತಿಹಾಸಾಸಕ್ತರ ಚರ್ಚೆ ಇಂದು ಬಹುಮಟ್ಟಿಗೆ ಫೇಸ್‌ಬುಕ್ ಹಾಗೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುತ್ತಿದೆ. ಒಬ್ಬರು ಹೊಲದ ಬದುವಿನಲ್ಲಿ ಕಂಡ ನಿಷಿಧಿ ಕಲ್ಲಿನ ಚಿತ್ರ ಹಾಕುತ್ತಾರೆ. ಇನ್ನೊಬ್ಬರು ಮೊದಲೆರಡು ಸಾಲು ಓದುತ್ತಾರೆ. ಮೂರನೆಯವರು, ‘ಇದು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಆಗಲೇ ಪ್ರಕಟವಾಗಿದೆ, ಆದರೆ ಮೂರನೆಯ ಸಾಲಿನ ಪಾಠ ಬೇರೆ’ ಎನ್ನುತ್ತಾರೆ. ಸಂಶೋಧನೆಗೆ ಬೇಕಾದುದು ಈ ಮೂರು ಮಾತುಗಳ ಸರಣಿ. ಮರುದಿನ ಬೇರೆ ಗುಂಪುಗಳಿಗೆ ಹರಿಯುವುದೋ ಚಿತ್ರವೊಂದೇ. ತೆಗೆದವರ ಹೆಸರಿಲ್ಲ, ಊರಿಲ್ಲ. ಸ್ಥಳ ಮತ್ತು ದಿನಾಂಕದ ಮಾಹಿತಿ ಚಿತ್ರದ ಕಡತದಲ್ಲಿದ್ದರೂ, ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದಾಗ ಅದು ಅಳಿದುಹೋಗುತ್ತದೆ.

ನಮ್ಮ ತಾಳೆಗರಿಯ ಲಿಪಿಕಾರರು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿದ್ದರು. ಪ್ರತಿ ಮಾಡಿ ಮುಗಿಸಿದವನು ಕೊನೆಯಲ್ಲಿ ಶಕವರ್ಷ, ತನ್ನ ಹೆಸರು, ಬರೆಯಿಸಿದವರ ಹೆಸರುಗಳನ್ನು ನಮೂದಿಸುವ ರೂಢಿಯಿತ್ತು. ಗ್ರಂಥ ಊರೂರು ಅಲೆದರೂ ಅದರ ಮೂಲ ಅದರೊಡನೆಯೇ ಸಾಗುತ್ತಿತ್ತು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದುದನ್ನು ನಾವು ದಾನವೆಂದು ಸ್ಮರಿಸುತ್ತೇವೆ. ಅದು ಗ್ರಂಥರಕ್ಷಣೆಯ ಉಪಾಯವೂ ಹೌದು. ಇದಕ್ಕೆ ವಿರುದ್ಧವಾಗಿ, ಹಳಗನ್ನಡ ಲಿಪಿಯಲ್ಲಿದ್ದ ಧವಲಾ ಟೀಕೆಯ ಪ್ರಾಚೀನ ಓಲೆಗಳು ಶತಮಾನಗಳ ಕಾಲ ಮೂಡುಬಿದಿರೆಯ ಬಸದಿಯೊಂದರಲ್ಲೇ ಉಳಿದಿದ್ದವು. ಮೊದಲ ಸಂಪುಟ ಅಚ್ಚಾದುದು 1939ರಲ್ಲಿ. ಅಷ್ಟರೊಳಗೆ ಅಲ್ಲಿ ಒಂದು ಬೆಂಕಿ ಆಕಸ್ಮಿಕ ಸಂಭವಿಸಿದ್ದರೆ?

ಇಂದಿನ ಗುಂಪುಗಳ ಪಾಲಿಗೆ ಪ್ರತಿ ಮಾಡುವ ಕೆಲಸ ಅಷ್ಟೇನೂ ಶ್ರಮದಾಯಕವಲ್ಲ. ತಿಂಗಳಿಗೊಮ್ಮೆ ಇಬ್ಬರು ಮೂವರು ಸದಸ್ಯರು ಕುಳಿತು, ಇತ್ಯರ್ಥವಾದ ಚರ್ಚೆಗಳನ್ನು ಕೇಳಿದವರ, ಓದಿದವರ, ತಿದ್ದಿದವರ ಹೆಸರುಗಳೊಂದಿಗೆ ಒಂದು ಕಡತಕ್ಕೆ ಇಳಿಸಿ, ಹಲವು ಊರುಗಳ ಸದಸ್ಯರಿಗೆ ಹಂಚಿದರೆ ಸಾಕು. ಕಡತ ಯೂನಿಕೋಡ್‌ನಲ್ಲಿರಬೇಕು. ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಲೇಖನಗಳನ್ನು ಇಂದು ತೆರೆದರೆ ಕಾಣುವ ಚಿಹ್ನೆಗಳ ರಾಶಿ ನಮ್ಮಲ್ಲಿ ಅನೇಕರಿಗೆ ಪರಿಚಿತವೇ. ಹೊಸ ನೆಲೆಯ ವಿಳಾಸವನ್ನು ಹಳೆಯದು ಬದುಕಿರುವಾಗಲೇ ತಿಳಿಸಬೇಕು. ಮುಚ್ಚಿದ ಬಾಗಿಲಿಗೆ ಚೀಟಿ ಅಂಟಿಸಲು ಇಲ್ಲಿ ಅವಕಾಶವಿಲ್ಲ. ಸದಸ್ಯರ ಒಪ್ಪಿಗೆ ಪಡೆದು ಅವರ ಇ-ಮೇಲ್ ವಿಳಾಸಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳುವುದೂ ಇದಕ್ಕಾಗಿಯೇ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಶಾಸನ ಅಥವಾ ನಿಷಿಧಿ ಇರುವ ನಿಖರ ಜಾಗವನ್ನು ಬಹಿರಂಗವಾಗಿ ಪ್ರಕಟಿಸಿದರೆ, ನಿಧಿಯ ಆಸೆಯಿಂದ ಕಲ್ಲು ಕಿತ್ತು ನೆಲ ಅಗೆಯುವವರಿಗೆ ನಾವೇ ದಾರಿ ತೋರಿದಂತಾಗುತ್ತದೆ. ಪ್ರಕಟಿಸದಿದ್ದರೆ ಮುಂದಿನ ಸಂಶೋಧಕನಿಗೆ ಆ ಕಲ್ಲು ಸಿಗುವುದಿಲ್ಲ. ಸದಸ್ಯರ ಕಡತದಲ್ಲಿ ಪೂರ್ಣ ವಿವರವನ್ನೂ ಸಾರ್ವಜನಿಕ ಪುಟದಲ್ಲಿ ಗ್ರಾಮದ ಹೆಸರನ್ನಷ್ಟೇ ಕೊಡುವುದು ಸದ್ಯಕ್ಕೆ ಲೇಸೆಂದು ತೋರುತ್ತದೆ. ಆದರೆ ಆ ಕಡತ ಯಾರ ಯಾರ ಕೈಯಲ್ಲಿರಬೇಕೆಂಬುದನ್ನು ಪ್ರತಿ ಬಳಗವೂ ತನ್ನ ಸದಸ್ಯರನ್ನು ಕೂರಿಸಿಕೊಂಡೇ ನಿರ್ಧರಿಸಬೇಕು.