ಸೈಕಲ್ಲಿಗೆ ಬಿಲ್ಲೆ, ರೇಡಿಯೋಕ್ಕೆ ಲೈಸೆನ್ಸು

ರೇಡಿಯೋ ಒಳಗೇ ಕೂರಿಸಿದ ಸೈಕಲ್ ಎಂದರೆ ಈಗ ನಗು ಬರಬಹುದು. ಆದರೆ 1955ರಲ್ಲಿ ಅಮೆರಿಕದ ಹಫಿ ಕಂಪನಿ ಅಂಥದ್ದನ್ನು ಮಾರಾಟಕ್ಕೆ ತಂದಿತ್ತು. ಸೀಟು ಮತ್ತು ಹ್ಯಾಂಡಲ್ ನಡುವಿನ ಟ್ಯಾಂಕಿನಂಥ ಡಬ್ಬಿಯಲ್ಲಿ ರೇಡಿಯೋ, ಹಿಂದಿನ ಕ್ಯಾರಿಯರ್ ಮೇಲೆ ಬ್ಯಾಟರಿ. ಅದು ವಾಲ್ವ್ ರೇಡಿಯೋ. ವಾಲ್ವ್ ಬಿಸಿಯಾಗಬೇಕು, ಹೆಚ್ಚು ವೋಲ್ಟೇಜೂ ಬೇಕು. ಹಾಗಾಗಿ ಬ್ಯಾಟರಿ ಭಾರ, ಖರ್ಚೂ ಜಾಸ್ತಿ. ಕೆಲವೇ ವರ್ಷಗಳಲ್ಲಿ ಆ ಸೈಕಲ್ ನಿಂತುಹೋಯಿತು. ಇಂದು ಹಳೆ ವಸ್ತು ಸಂಗ್ರಹಿಸುವವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಸೈಕಲ್ಲಿಗೆ ರೇಡಿಯೋ ಬಂದ ದಾರಿ ಬೇರೆ. ಕಾರ್ಖಾನೆ ಜೋಡಿಸಿ ಕೊಡಲಿಲ್ಲ, ನಮ್ಮವರೇ ಜೋಡಿಸಿಕೊಂಡರು.

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಆಗ ಕರೆಂಟ್ ಇಲ್ಲದ ಹಳ್ಳಿಗೆ ವಾಲ್ವ್ ರೇಡಿಯೋ ಎಂದರೆ ದೊಡ್ಡ ಬ್ಯಾಟರಿಯ ತಾಪತ್ರಯ. ಇದನ್ನು ಬದಲಿಸಿದ್ದು ಟ್ರಾನ್ಸಿಸ್ಟರ್. ಬೆಂಗಳೂರಿನ ಬಿಇಎಲ್ 1962ರಲ್ಲಿ ಜರ್ಮೇನಿಯಂ ಬಿಡಿಭಾಗಗಳ ತಯಾರಿಕೆ ಆರಂಭಿಸಿತು. ಟಾರ್ಚಿನ ಸೆಲ್ ಹಾಕಿದರೆ ಹಾಡುವ ಪೆಟ್ಟಿಗೆ ಹೆಗಲಿಗೇರಿತು, ಅಲ್ಲಿಂದ ಸೈಕಲ್ ಹ್ಯಾಂಡಲ್‌ಗೆ ಇಳಿಯಿತು.

ಘಟ್ಟದ ತಿರುವಿನಲ್ಲಿ ಸೈಕಲ್ ತಿರುಗಿದ ಕೂಡಲೇ ದನಿ ಸಣ್ಣಗಾಗುವುದಕ್ಕೂ ಕಾರಣವಿದೆ. ಟ್ರಾನ್ಸಿಸ್ಟರ್ ಒಳಗಿನ ಫೆರೈಟ್ ಕಡ್ಡಿಯೇ ಅದರ ಆಂಟೆನಾ. ಕಡ್ಡಿ ನಿಲಯದ ಕಡೆಗೆ ಅಡ್ಡಲಾಗಿದ್ದರೆ ದನಿ ಚೆನ್ನಾಗಿ ಕೇಳುತ್ತದೆ, ಅದರ ತುದಿ ನಿಲಯದ ಕಡೆ ಮುಖ ಮಾಡಿದರೆ ಕ್ಷೀಣವಾಗುತ್ತದೆ.

ಈ ಜೋಡಿಗೆ ಸರ್ಕಾರದ ಲೆಕ್ಕವೂ ಜೋಡಿಯೇ. ಸೈಕಲ್ಲಿಗೆ ಪಂಚಾಯಿತಿ ಅಥವಾ ಪುರಸಭೆಯ ತೆರಿಗೆ, ಕಟ್ಟಿದ್ದಕ್ಕೆ ಗುರುತಾಗಿ ಲೋಹದ ಬಿಲ್ಲೆ. ರೇಡಿಯೋಕ್ಕೆ ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕ, ವರ್ಷ ವರ್ಷ ನವೀಕರಣ. ರೇಡಿಯೋ ಲೈಸೆನ್ಸ್ ಪದ್ಧತಿ 1980ರ ದಶಕದಲ್ಲಿ ಹೋಯಿತು. ಪುಸ್ತಕಗಳು ಮಾತ್ರ ಕೆಲವು ಮನೆಗಳ ಟ್ರಂಕಿನಲ್ಲಿ ಉಳಿದಿವೆ.

ಬೆಲೆ ಕಟ್ಟುವಾಗ ಆ ಪುಸ್ತಕವೇ ಮುಖ್ಯ. ಗುಜರಿಯವನು ಕಬ್ಬಿಣವನ್ನು ಕಿಲೋ ಲೆಕ್ಕದಲ್ಲಿ ನೋಡುತ್ತಾನೆ. ತಿಳಿದವರು ನೋಡುವುದು ಬೇರೆ: ಮೂಲ ಬಣ್ಣ ಇದೆಯೇ, ಹೆಡ್ ಬ್ಯಾಡ್ಜ್ ಇದೆಯೇ, ಫ್ರೇಮಿನ ನಂಬರ್ ಓದಲು ಬರುತ್ತದೆಯೇ, ಬಿಲ್ಲೆ, ಬಿಲ್, ಲೈಸೆನ್ಸ್ ಜೊತೆಗಿವೆಯೇ. ರ‍್ಯಾಲಿ, ಹರ್ಕ್ಯುಲಿಸ್, ಹಿಂದ್ ಯಾವುದೇ ಇರಲಿ, ಹೊಸ ಪೇಂಟ್ ಬಳಿದು ಥಳಥಳ ಹೊಳೆಯುವ ಸೈಕಲ್ಲಿಗಿಂತ ತೇಪೆಯಿಲ್ಲದ ಹಳೆಯದಕ್ಕೇ ಬೆಲೆ ಹೆಚ್ಚು.

ಆದ್ದರಿಂದ ರಿಪೇರಿ ಕೈಗೆತ್ತಿಕೊಳ್ಳುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ನಮ್ಮ ಮಳೆಗಾಲಕ್ಕೆ ತುಕ್ಕು ಸಹಜ. ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ನಿಧಾನ ಒರೆಸಿ, ಉಪ್ಪುಕಾಗದ ಮುಟ್ಟಬೇಡಿ. ಚೈನ್ ಕವರಿನ ಮೇಲಿನ ಅಕ್ಷರ ಅಳಿಸಿದರೆ ಮತ್ತೆ ಬರುವುದಿಲ್ಲ. ಬಾಲ್ ಬೇರಿಂಗ್ ಸವೆದಿದ್ದರೆ ಅದೇ ಅಳತೆಯದು ಹಾಕಿ, ಗ್ರೀಸ್ ಹಚ್ಚಿ. ಟೈರ್ ಹೊಸದಾದರೂ ನಡೆಯುತ್ತದೆ, ಹಳೆಯದನ್ನು ಎಸೆಯಬೇಡಿ.

ರೇಡಿಯೋಕ್ಕೆ ಅವಸರದಲ್ಲಿ ಸೆಲ್ ಹಾಕಬೇಡಿ. ಒಳಗೆ ಸೆಲ್ ಸೋರಿ ಕಟ್ಟಿದ ಉಪ್ಪನ್ನು ಮೊದಲು ಒಣ ಬ್ರಷ್‌ನಿಂದ ತೆಗೆಯಿರಿ. ವರ್ಷಗಟ್ಟಲೆ ಸುಮ್ಮನಿದ್ದ ಸೆಟ್ಟಿನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕೆಟ್ಟಿರುವುದೇ ಹೆಚ್ಚು. ಬಲ್ಲ ಮೆಕ್ಯಾನಿಕ್‌ನಿಂದ ಅವನ್ನು ಬದಲಿಸಿ, ತೆಗೆದ ಭಾಗಗಳನ್ನು ಪೊಟ್ಟಣ ಕಟ್ಟಿ ಜೊತೆಗೇ ಇಡಿ. ಒಳಗೆ ಎಫ್‌ಎಂ ಬೋರ್ಡ್ ಕೂರಿಸಿದರೆ ಹಾಡು ಬರುತ್ತದೆ, ಆದರೆ ಹಳೆ ಸೆಟ್ಟು ಬರೀ ಡಬ್ಬಿಯಾಗುತ್ತದೆ.

ಮಾರುವುದೋ ಬಿಡುವುದೋ ನಿಮ್ಮ ಇಷ್ಟ. ಮನೆಯ ಹಿರಿಯರು ಇರುವಾಗಲೇ ಮೂರು ವಿಷಯ ಕೇಳಿ ಬರೆದಿಡಿ: ಯಾವ ವರ್ಷ ತಂದದ್ದು, ಯಾವ ಪೇಟೆಯಿಂದ, ಆ ವರ್ಷ ಅಡಿಕೆಗೆ ರೇಟು ಎಷ್ಟಿತ್ತು. ಆ ಚೀಟಿಯನ್ನು ಲೈಸೆನ್ಸ್ ಪುಸ್ತಕದೊಳಗೆ ಇಟ್ಟರೆ ನಮ್ಮ ಊರಿಗೆ ಸುದ್ದಿ, ಹಾಡು ಹೇಗೆ ಬಂತೆಂದು ಮುಂದಿನವರಿಗೆ ಓದಲು ಸಿಗುತ್ತದೆ.